ದಾದಿ ಮರೆತ ಜಗಳ

"ದಾದಿ, ಕಾಲು ಎತ್ತು! ಇನ್ನೊಂದು!"

ಕೈಸರ ತನ್ನಜ್ಜಿ ಜಾಹೀದಾಳನ್ನು ಮೆಣಸಿನಕಾಯಿ ಚೀಲದಂತೆ ಬಸ್ಸಿನೊಳಗೆ ನೂಕಿದ. ರಾಣೆಬೆನ್ನೂರು ಬಿಟ್ಟ ಬಸ್ಸು ಬ್ಯಾಡಗಿ ಮುಟ್ಟುವುದರೊಳಗೆ ಅವಳಿಗೆ ಒಂದು ಹಳೆಯ ಜಗಳ ನೆನಪಾಗಬೇಕಿತ್ತು.

ಕಾಲೇಜಿನಲ್ಲಿ ಜೊತೆಗೆ ಓದಿದ್ದ ಬೇನಜೀರ ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಪಿಸುಗುಟ್ಟಿದ್ದಳು: ಸಂಜೆ ಹಾವೇರಿಯಿಂದ ಗಂಡಿನ ಕಡೆಯವರು ಬರುತ್ತಾರೆ. ಅವಳ ಅಪ್ಪ ಯೂಸುಫಸಾಬನದು ಒಂದೇ ಹಟ. ಇಪ್ಪತ್ತು ವರ್ಷದ ಹಿಂದೆ ತನ್ನ ತಾಯಿ ಮುಮ್ತಾಜಬಿಯನ್ನು ಓಣಿಯ ನಡುವೆ 'ಕಳ್ಳಿ' ಅಂದ ಜಾಹೀದಾ ಬಂದು ಮಾಫಿ ಕೇಳಬೇಕು. ಆಮೇಲೆ ಕೈಸರನ ಜೊತೆ ಮದುವೆಯ ಮಾತು.

"ನೀ ಆಕಿಗೆ ಕಳ್ಳಿ ಅಂದಿದ್ದಿ, ದಾದಿ."

"ಯಾರಿಗೆ, ಮುಮ್ತಾಜಗ? ಆಕಿ ನನ್ನ ಜೀವದ ಗೆಳತಿ. ಇಬ್ರೂ ಕೂತು ಮೆಣಸಿನಕಾಯಿ ತೊಟ್ಟು ಮುರೀತಿದ್ವಿ. ಏನ್ ನಗತಿದ್ವಿ ಅಂತಿ!"

"ನಗೂದು ಬಿಡು. ಬೈದದ್ದು ನೆನಪ ಮಾಡ್ಕೋ!"

ಮುಂದಿನ ಸೀಟಿನಲ್ಲಿದ್ದ ಅವರ ಓಣಿಯ ಮುದುಕ ಡಾಕಪ್ಪ ತಿರುಗಿದ. "ಬಿಡೋ ತಮ್ಮಾ. ವಯಸ್ಸಾದ ಮ್ಯಾಲೆ ತಲಿ ಜರಡಿ ಆಗತೈತಿ. ಕಹಿ ಸೋರಿ ಸಿಹಿ ಅಷ್ಟ ಉಳೀತೈತಿ. ನನ್ನ ಹೆಂಡ್ತಿ ಸತ್ತು ಹತ್ತು ವರ್ಷ ಆತು. ಈಗ ನೋಡು, ಎಷ್ಟು ಒಳ್ಳೇಕಿ ಆಗ್ಯಾಳ!"

ಬಸ್ಸು ನಕ್ಕಿತು. ಕೈಸರ ಉಗುರು ಕಚ್ಚಿದ, ಗಡಿಯಾರ ನೋಡಿದ, ಮತ್ತೆ ಉಗುರು ಕಚ್ಚಿದ.

ಬ್ಯಾಡಗಿಯಲ್ಲಿ ಯೂಸುಫಸಾಬ ಕೈಕಟ್ಟಿ ಬಾಗಿಲಲ್ಲೇ ನಿಂತಿದ್ದ. ಕೈಸರ ದಾದಿಯ ಬೆನ್ನು ತಿವಿದ.

"ಮಾಫ್ ಮಾಡ ಮುಮ್ತಾಜ," ಅಂದಳು ಜಾಹೀದಾ. "ಯಾಕ ಅಂತ ಇವಗ ಗೊತ್ತೈತಿ."

"ನೀ ಏನ್ ಮಾಡೀದಿ ಹುಚ್ಚಿ? ಬಾ ಒಳಗ!" ಮುಮ್ತಾಜಬಿ ಓಡಿಬಂದು ತಬ್ಬಿಕೊಂಡಳು.

ತಾಯಿಯ ಪರವಾಗಿ ಇಷ್ಟು ವರ್ಷ ಸಿಟ್ಟು ಸಾಕಿದ್ದ ಯೂಸುಫಸಾಬ ಪೆಚ್ಚಾದ. "ಇರಲಿ, ಮಾಫಿ ಅಂದ್ರ ಮಾಫಿ. ಹಾವೇರಿಯವ್ರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಿ ಬರ್ತೇನಿ." ಚಪ್ಪಲಿಗೆ ಕಾಲು ಹಾಕಿದ. ಕೈಸರ ಆ ದಿನ ಮೊದಲ ಸಲ ಗೋಡೆಗೆ ಬೆನ್ನು ಆನಿಸಿ ಕುಳಿತ.

"ಇಂವ ಆ ಕೂಸೇನ?" ಮುಮ್ತಾಜಬಿ ಅವನ ಗಲ್ಲ ಸವರಿದಳು. "ಇವನ ಅಮ್ಮ ಟೈಫಾಯ್ಡ್ ಅಂತ ಹುಬ್ಬಳ್ಳಿ ದವಾಖಾನಿ ಸೇರಿದ್ಲು. ಎರಡು ತಿಂಗಳು ನನ್ನ ಸಣ್ಣ ಮಗ ರಜಾಕ ಒಂದು ಎದಿಗೆ, ಇಂವ ಒಂದು ಎದಿಗೆ! ಏನ್ ಕಚ್ಚತಿದ್ದ, ಬದ್ಮಾಶ!"

"ಖರೇನ! ಬಾಟಲಿ ಹಾಲು ಅಂತ ಸೊಸಿಗೆ, ಮನಿಯವ್ರಿಗೆಲ್ಲ ಸುಳ್ಳು ಹೇಳಿದ್ವಿ." ದಾದಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಯೂಸುಫಸಾಬನ ಕಾಲು ಚಪ್ಪಲಿಯಲ್ಲೇ ನಿಂತಿತು. ಒಬ್ಬಳ ಎದೆಹಾಲು ಕುಡಿದವರು ಒಡಹುಟ್ಟಿದವರ ಲೆಕ್ಕ. ಆ ಸಂಬಂಧದೊಳಗೆ ನಿಕಾಹ್ ಹರಾಮ್, ನಿಷಿದ್ಧ.

"ಅಂದ್ರ ಇಂವ ನನ್ನ ತಮ್ಮ," ಅಂದ ಅವನು ಮೆಲ್ಲಗೆ. "ಬೇನಜೀರಗ ಚಾಚಾ."

ಒಳಗೆ ಪರದೆಯ ಹಿಂದೆ ಏನೋ ಠಣ್ ಎಂದು ಬಿತ್ತು.

ಮುಮ್ತಾಜಬಿಗೆ ಮಾತ್ರ ಸಂಭ್ರಮವೇ ಸಂಭ್ರಮ. "ಎಷ್ಟು ಸೊರಗ್ಯಾನ ನನ್ನ ಮಗ!" ಎಂದು ಒಳಹೋದವಳು ಬಿಸಿ ಹಾಲಿನ ಲೋಟ ತಂದು ಅವನ ಬಾಯಿಗೇ ಹಿಡಿದಳು. "ಕುಡಿ ಬೇಟಾ, ಲಗೂ ಕುಡಿ."

"ಒಲ್ಲೆ," ಅಂದ ಕೈಸರ.