ಮಗಳ ನಾಡಿ, ಅಪ್ಪನ ದಾಳಿ

ಜಕ್ಕೂರಿನಲ್ಲಿ ಬಾಡಿಗೆ ಬಿಲ್ಡಿಂಗ್‌ಗಳನ್ನು ಎಬ್ಬಿಸಿದ ಅನಂತರಾಜುವಿನ ಕಣ್ಣು ಸಾಮಾನ್ಯದ್ದಲ್ಲ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೀದಿಯಲ್ಲಿ ನಿಂತೇ ಹಿಡಿಯಬಲ್ಲ ಕಣ್ಣದು! ಹೀಗಿರುವಾಗ, ಓಟಗಾರ್ತಿ ಮಗಳು ಮಂಜುಶ್ರೀಯ ಕೋಚ್ ಗೌಹರ್ ಮೇಡಂ ಅವನನ್ನು ಮೈದಾನದಲ್ಲಿ ನಿಲ್ಲಿಸಿಕೊಂಡು ಹೇಳಿದರು:

"ಭಾನುವಾರ ಸ್ಟೇಟ್ ಮೀಟ್‌ಗೆ ಸೆಲೆಕ್ಷನ್ ಇದೆ ಸಾರ್. ಪ್ರಾಕ್ಟೀಸ್ ಅತಿಯಾದ್ರೆ ಓಟ ಏರೋ ಬದಲು ಇಳಿಯುತ್ತೆ. ಬೆಳಗ್ಗೆ ಎದ್ದಾಗ ನಾಡಿ ಜೋರಾಗಿದ್ಯಾ, ನಿದ್ದೆ ಕೆಟ್ಟಿದ್ಯಾ, ಊಟ ಸೇರ್ತಿಲ್ವಾ, ಸುಮ್‌ಸುಮ್ನೆ ಸಿಡುಕ್ತಾಳಾ, ಸ್ವಲ್ಪ ಗಮನಿಸ್ತಿರಿ."

"ನನಗೆ ಬಿಡಿ ಮೇಡಂ! ನನ್ನ ಕಣ್ತಪ್ಪಿಸಿ ಯಾವ ಆಯಾಸವೂ ನಮ್ಮನೆ ಹೊಸಿಲು ದಾಟಲ್ಲ!"

ಆ 'ಸ್ವಲ್ಪ' ಎಂಬ ಮಾತೊಂದು ಮೈದಾನದಲ್ಲೇ ಬಿದ್ದುಹೋಯಿತು.

ಮಾರನೆಯ ದಿನ ಕೋಳಿ ಕೂಗುವ ಮೊದಲೇ ಅನಂತರಾಜು ಮೊಬೈಲ್ ಟಾರ್ಚ್ ಹಿಡಿದು ಮಗಳ ಕೋಣೆಗೆ ಬೆಕ್ಕಿನಂತೆ ನುಸುಳಿದ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣಿಕಟ್ಟು ಹಿಡಿದ. ಮಂಜು ಕಣ್ಣು ಬಿಟ್ಟಳು. ಕಗ್ಗತ್ತಲಲ್ಲಿ, ಕೆಳಗಿನಿಂದ ಬೆಳಕು ಬಿದ್ದ ಒಂದು ಮೀಸೆ ಮಾತ್ರ ಕಂಡಿತು.

"ಅಮ್ಮಾ!"

ಆ ಕೂಗಿಗೆ ಬೀದಿನಾಯಿಗಳೆಲ್ಲ ಎದ್ದವು. ಅಪ್ಪ ಮಾತ್ರ ಕೈ ಬಿಡಲಿಲ್ಲ. ನಾಡಿ ಬೆದರಿದ ಕುದುರೆಯಂತೆ ಓಡುತ್ತಿತ್ತು!

"ಪದ್ಮಾ, ಬಾರೇ ಇಲ್ಲಿ! ನಾಡಿ ಜೋರಾಗಿದೆ ಕಣೇ!"

"ಕಣ್ಬಿಟ್ಟ ತಕ್ಷಣ ನಿಮ್ಮನ್ನ ಈ ಅವತಾರದಲ್ಲಿ ನೋಡಿದ್ರೆ ನಂದು ನಿಂತೇ ಹೋಗ್ತಿತ್ತು," ಎಂದಳು ಹೆಂಡತಿ ಪದ್ಮಶ್ರೀ.

ಒಂದು ಲಕ್ಷಣ ಸಿಕ್ಕಮೇಲೆ ಉಳಿದವು ಎಲ್ಲಿ ಹೋಗುತ್ತವೆ? ತಿಂಡಿಯ ಹೊತ್ತಿಗೆ ಮಗಳೆದುರು ಕುರ್ಚಿ ಎಳೆದುಕೊಂಡು ಕೂತ. ಅವಳು ಬಾಯಿಗಿಟ್ಟ ಒಂದೊಂದು ತುತ್ತು ಉಪ್ಪಿಟ್ಟನ್ನೂ ಗಂಟಲು ದಾಟುವವರೆಗೆ ಕಣ್ಣಲ್ಲೇ ಬೀಳ್ಕೊಟ್ಟ. ಮಂಜು ಅರ್ಧಕ್ಕೇ ತಟ್ಟೆ ತಳ್ಳಿದಳು.

"ನೋಡು, ಊಟ ಸೇರ್ತಿಲ್ಲ!"

"ನೀನು ಹಿಂಗೆ ಗುರಾಯಿಸ್ತಾ ಕೂತ್ರೆ ಯಾರಿಗೆ ಸೇರತ್ತಪ್ಪಾ?"

"ಸಿಡುಕು! ಪದ್ಮಾ, ಸಿಡುಕೂ ಬಂತು!"

ಇನ್ನು ಉಳಿದದ್ದು ನಿದ್ದೆ. ರಾತ್ರಿಯೆಲ್ಲ ಆಗಾಗ ಬಾಗಿಲು ತೆರೆದು ತಲೆ ಹಾಕುವುದು, ಮೆಲ್ಲಗೆ ಕೇಳುವುದು: "ಮಗಾ, ನಿದ್ದೆ ಮಾಡ್ತಿದ್ದೀಯಾ?"

"ಮಾಡ್ತಿದ್ದೆ!"

ಗುರುವಾರ ಅಪ್ಪ ಅಮ್ಮ ಇಬ್ಬರೂ ಬಂದು ನಿಂತಿದ್ದ ಮೈದಾನದಲ್ಲಿ, ಎಂದೂ ಮಂಜುವಿನ ಬೆನ್ನು ಬಿಟ್ಟು ಬೇರೇನನ್ನೂ ಕಾಣದಿದ್ದ ಹುಡುಗಿಯರೆಲ್ಲ ಅವಳನ್ನು ದಾಟಿ ಓಡಿದರು. ಗೌಹರ್ ಮೇಡಂ ಮುಖ ಸಣ್ಣದಾಯಿತು. "ಭಾನುವಾರ ಇವಳನ್ನ ಇಳಿಸೋದು ಬೇಡ ಅನ್ಸತ್ತೆ." ವರ್ಷವೆಲ್ಲ ಅದಕ್ಕಾಗಿಯೇ ಓಡಿದ್ದ ಮಂಜುವಿನ ಕಣ್ಣು ತುಂಬಿತು.

ಅನಂತರಾಜು ಮಾತ್ರ ಗೆದ್ದ ಪತ್ತೇದಾರನಂತೆ ಮುಂದೆ ಬಂದ. "ನಾನಾಗ್ಲೇ ಹಿಡಿದಿದ್ದೆ ಮೇಡಂ! ಎಲ್ಲಾ ಲಕ್ಷಣಾನೂ ಇದೆ!"

"ನಾಡಿ ಹೆಂಗೆ ನೋಡಿದ್ರಿ?"

"ಮಲಗಿದ್ದಾಗ ಟಾರ್ಚ್ ಬಿಟ್ಟು."

"ನಿದ್ದೆ?"

"ಎಬ್ಬಿಸಿ ಕೇಳ್ದೆ!"

ಗೌಹರ್ ಮೇಡಂ ಪೂರ್ತಿ ಅವನ ಕಡೆ ತಿರುಗಿದರು. "ಸಾರ್, ನೀವು ತಾರಸಿಗೆ ಕಾಂಕ್ರೀಟ್ ಮೋಲ್ಡ್ ಹಾಕಿದ್ಮೇಲೆ ಏನ್ಮಾಡ್ತೀರಾ?"

"ನೀರು ಕಟ್ಟಿ ಬಿಟ್ಬಿಡ್ತೀವಿ. ಅದರ ಪಾಡಿಗೆ ಅದು ಗಟ್ಟಿಯಾಗ್ಬೇಕು."

"ಗಟ್ಟಿ ಆಯ್ತಾ ಅಂತ ದಿನಾ ಹತ್ತಿ ಕುಣಿದು ನೋಡಲ್ವಾ?"

"ಯಾವ ತಲೆಕೆಟ್ಟೋನು ಹಂಗ್ ಮಾಡ್ತಾನೆ ಮೇಡಂ?"

ಕೋಚ್ ಅವನನ್ನು ನೋಡಿದರು. ಮಗಳು ನೋಡಿದಳು. ಹೆಂಡತಿಯಂತೂ ಮದುವೆಯಾದಾಗಿನಿಂದ ಈ ಗಳಿಗೆಗೇ ಕಾದಿದ್ದವಳಂತೆ ನೋಡಿದಳು. ಅನಂತರಾಜುವಿನ ಮೀಸೆ ನಿಧಾನವಾಗಿ ಇಳಿಯಿತು.

"ಹುಡುಗಿಗೆ ರೆಸ್ಟ್ ಕೊಡೋಣ," ಎಂದರು ಮೇಡಂ. "ಓಟದಿಂದ ನಾಳೆ ಒಂದು ದಿನ. ನಿಮ್ಮಿಂದ ಭಾನುವಾರದವರೆಗೆ. ಆಮೇಲೂ ಕಾಲು ಏಳದಿದ್ರೆ ಇಳಿಸಲ್ಲ."

ಅಂದೇ ಸಂಜೆ ಅನಂತರಾಜುವಿನ ವನವಾಸ ಶುರುವಾಯಿತು, ಕೆಂಪಾಪುರದ ತಂಗಿ ವೇದಾಳ ಮನೆಯಲ್ಲಿ. ಇತ್ತ ಮಂಜು ಬಿಸಿಲು ಬರುವವರೆಗೆ ಮಲಗಿದಳು, ಎರಡೆರಡು ಸಲ ಹುಳಿ ಹಾಕಿಸಿಕೊಂಡು ಮುದ್ದೆ ಉಂಡಳು. ಭಾನುವಾರ ಓಡಿದ ಓಟಕ್ಕೆ ಎರಡನೆಯವಳು ಎಲ್ಲಿದ್ದಾಳೆಂದು ಹುಡುಕಬೇಕಾಯಿತು!

ಸುದ್ದಿ ಕೇಳಿದ್ದೇ ಅನಂತರಾಜು ಒಂದು ಕೈಯಲ್ಲಿ ಬಟ್ಟೆ ಬ್ಯಾಗು, ಇನ್ನೊಂದರಲ್ಲಿ ಸ್ವೀಟ್ ಬಾಕ್ಸು ಹಿಡಿದು ಹಾರಿಬಂದ. ಪದ್ಮಶ್ರೀ ಗೇಟಿನಲ್ಲೇ ಅಡ್ಡ ನಿಂತಿದ್ದಳು.

"ಸ್ವೀಟ್ ಇಲ್ಲಿ ಕೊಡಿ. ಬ್ಯಾಗ್ ಕೆಳಗಿಡಬೇಡಿ."

"ಯಾಕೇ?"

"ಮಗಳು ಸ್ಟೇಟ್ ಮೀಟ್‌ಗೆ ಸೆಲೆಕ್ಟ್ ಆಗಿದ್ದಾಳೆ ಕಣ್ರೀ. ಅದಿರೋದು ಮುಂದಿನ ತಿಂಗಳು!"