ಫ್ರೆಂಚ್ ತರಗತಿಯ ಒಂಟಿ ಹಾವಿಗೆ

ನಿಯಮ ಒಂದೇ ಇತ್ತು: ಹೊಸ್ತಿಲು ದಾಟಿ ಒಳಗೆ ಬಂದವರು ಫ್ರೆಂಚ್ ಬಿಟ್ಟು ಬೇರೆ ಮಾತಾಡಕೂಡದು. ಕನ್ನಡ ಕೂಡದು, ಉರ್ದು ಕೂಡದು, ನಾನು ಶಾಲೆಯಲ್ಲಿ ಕಲಿತು ಬೆಳೆದ ಇಂಗ್ಲಿಷೂ ಕೂಡದು. ಇಷ್ಟು ಸಣ್ಣ ನಿಯಮವನ್ನು ವಿದ್ಯಾರ್ಥಿಗಳು ಮುರಿದರು, ಸರ್ಕಾರ ಮುರಿಯಿತು, ನಮ್ಮವ್ವ ಮುರಿಯದೆಯೇ ಮುರಿದಳು. ನಾನು ನಗುವ ಮನುಷ್ಯನಲ್ಲ. ಆದರೆ ಯಾರು ಗೆರೆ ಎಳೆದು ಅದರ ಪಕ್ಕದಲ್ಲಿ ಕಾವಲು ಕೂಡುತ್ತಾರೋ ಅವರ ಕಣ್ಣೆದುರಿಗೇ ಇಂಥವೆಲ್ಲ ನಡೆಯುತ್ತವೆ. ಬೇರೆಯವರಿಗೆ ಕಾಣುವುದೂ ಇಲ್ಲ.

ನಾನು ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಮತ್ತು ಕೆಲ್ಟಿಕ್ ಭಾಷೆಗಳನ್ನು ಓದಿ ಬಂದವನು. ಕೆಲ್ಟಿಕ್ ಎಂದರೆ ಐರಿಷ್, ವೆಲ್ಷ್, ಫ್ರಾನ್ಸಿನ ಪಡುವಣ ಮೂಲೆಯ ಬ್ರೆಟನ್, ಇಂಥ ಹಳೆಯ ಮಾತುಗಳು. ಗುಲ್ಬರ್ಗದ ಸ್ಟೇಷನ್ನಿನಲ್ಲಿ ಇಳಿದಾಗ ಜನ ಕೇಳಿದ್ದು ಎರಡೇ ಪ್ರಶ್ನೆ.

"ಬ್ಯಾರಿಸ್ಟರ್ ಆಗಿ ಬಂದ್ರೇನ್ರಿ?"

"ಇಲ್ಲ."

"ಡಾಕ್ಟರ್ ಆಗಿ ಬಂದ್ರೇನ್ರಿ?"

"ಇಲ್ಲ."

"ಹೋಗ್ಲಿ ಬಿಡ್ರಿ, ಆರೋಗ್ಯ ಛಲೋ ಅದಲ್ಲ."

ಗಾಜಿಪುರದಲ್ಲಿ ಒಂದು ಕೋಣೆ ಹಿಡಿದು, ಮೆಟ್ರಿಕ್ ಮುಗಿಸಿದ ಐದು ಜನರಿಗೆ ಫ್ರೆಂಚ್ ಕಲಿಸತೊಡಗಿದೆ. ವರ್ಷ ಕಳೆದ ಮೇಲೆ ನನ್ನ ಗುರುಗಳ ಕಾಗದ ಬಂತು. ಅವರು ಬ್ರೆಟನ್ ನಾಡಿನ ವೃದ್ಧ ಪ್ರೊಫೆಸರರು, ಆಗ ತಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಮರಳಿದ್ದರು. ಚಳಿಗಾಲದಲ್ಲಿ ಮುಂಬಯಿಯಿಂದ ಮದರಾಸಿಗೆ ಹೋಗುವಾಗ ನಮ್ಮ ಕೋಟೆಯೊಳಗಿನ ಜುಮ್ಮಾ ಮಸೀದಿ ನೋಡಲು ಇಳಿಯುತ್ತಾರಂತೆ. "ನಿನ್ನ ಬಳಿ ಯೋಗ್ಯನಾದವನು ಇದ್ದರೆ ತೋರಿಸು. ಫ್ರೆಂಚ್, ಕೆಲ್ಟಿಕ್ ಓದಲು ನನ್ನಲ್ಲಿಗೆ ಕರೆಸಿಕೊಳ್ಳುತ್ತೇನೆ. ಒಬ್ಬನನ್ನು ಮಾತ್ರ."

ಐದು ಜನ, ಒಂದು ಹಡಗು. ಆ ದಿನದಿಂದ ನಿಯಮದ ಜೊತೆಗೆ ಶಿಕ್ಷೆಯೂ ಬೇಕಾಯಿತು. ಶಿಕ್ಷೆಯನ್ನೂ ಗುರುಗಳ ಪಾಠದಲ್ಲೇ ಕೇಳಿದ್ದೆ. ಅವರ ನಾಡಿನ ಶಾಲೆಗಳಲ್ಲಿ ಫ್ರೆಂಚ್ ಬಿಟ್ಟು ಮನೆಮಾತು ಬ್ರೆಟನ್ ಆಡಿದ ಮಗುವಿನ ಕೊರಳಿಗೆ ಕಟ್ಟಿಗೆಯ ಪಾದರಕ್ಷೆ ತೂಗುಹಾಕುತ್ತಿದ್ದರು. ಇನ್ನೊಂದು ಮಗು ತಪ್ಪಿದಾಗ ಮೊದಲಿನ ಮಗು ಅದನ್ನು ತನ್ನ ಕೈಯಿಂದಲೇ ಇದರ ಕೊರಳಿಗೆ ದಾಟಿಸಬೇಕು. ಪಾಠ ಕೇಳಿದ ಉಳಿದವರು ಅಯ್ಯೋ ಎಂದರು. ನಾನು ಬರೆದುಕೊಂಡೆ.

ಬಡಿಗೇರನ ತಕರಾರು

ಐವರಲ್ಲಿ ಒಬ್ಬನ ತಂದೆ ಕಮಲಾಪುರದ ಬಡಿಗೇರ. ಗಾಡಿ ಮಾಡಿಕೊಂಡು ಅಲ್ಲಿಗೇ ಹೋದೆ.

"ಕಟ್ಟಿಗೆಯ ಬೂಟು ಬೇಕು. ಹುರಿ ಕಟ್ಟಲು ತೂತಿರಬೇಕು."

"ಕಟ್ಟಿಗಿ ಬೂಟ ನಾ ಕಣ್ಲೆ ಕಂಡಿಲ್ರಿ ಸಾಹೇಬ್ರ. ಸ್ವಾಮಿಗೋಳು ಹಾಕೋತಾರಲ್ರಿ, ಹಾವಿಗಿ, ಅದ ಮಾಡ್ತೀನ್ರಿ."

"ಆಗಲಿ. ಒಂದು ಸಾಕು."

"ಒಂದ್ಯಾಕ್ರಿ?"

"ಕೊರಳಿಗೆ ಹಾಕಲಿಕ್ಕೆ."

ಬಡಿಗೇರ ಉಳಿ ಕೆಳಗಿಟ್ಟ. ನನ್ನ ಕಾಲು ನೋಡಿದ, ಕೊರಳು ನೋಡಿದ. "ನಮ್ಮ ಹುಡುಗ ಹೋಗೋ ದೇಶದಾಗ ಕಾಲಿಂದು ಕೊರಳಿಗಿ ಹಾಕ್ತಾರೇನ್ರಿ?"

"ಅದು ಶಿಕ್ಷೆ. ಹೋಗಬೇಕಾದರೆ ಅವನು ಫ್ರೆಂಚ್ ಮಾತಾಡಬೇಕು."

"ಅಂವ ಕನ್ನಡಾನ ಮಾತಾಡಂಗಿಲ್ರಿ," ಎಂದ ತಂದೆ. ಅದು ನಿಜ. ಆ ಹುಡುಗ ತೀರ ಮೌನಿ. "ಈ ಸಲ ಆಗ್ಲಿಲ್ಲಂದ್ರ ಉಗಾದಿಗಿ ನನ್ನ ಬಾಜೂಕ ಕುಂತು ಉಳಿ ಹಿಡೀತೀನಿ ಅಂತ ಅವರವ್ವಗ ಮಾತು ಕೊಟ್ಟಾನ್ರಿ. ನೀವ ನೋಡ್ಬೇಕು."

ಮರುವಾರ ಹೋದಾಗ ಸಾಗವಾನಿಯ ಹಾವಿಗೆಗಳು ಸಿದ್ಧವಾಗಿದ್ದವು. ನುಣುಪಾಗಿ ಕೆತ್ತಿದ್ದ. ಎರಡು ಕೆತ್ತಿದ್ದ. ನಾನು ಒಂದನ್ನೇ ಎತ್ತಿಕೊಂಡೆ. ಹೇಳಿದ್ದು ಒಂದು, ಒಯ್ಯುವುದೂ ಒಂದು.

"ಇನ್ನೊಂದ ನಾ ಏನ್ ಮಾಡ್ಲಿರೀ?" ಎಂದು ಬಡಿಗೇರ ಹಿಂದಿನಿಂದ ಕೂಗಿದ. "ಒಂಟಿಗಾಲಿನ ಸ್ವಾಮಿಗೋಳು ಬರೋತನಕ ಕಾಯ್ಲೇನ್ರಿ?"

ಶಿಕ್ಷೆಯ ಮಹಿಮೆ

ಮೊದಲು ತಪ್ಪಿದವನು ಅರಿವೆ ಅಂಗಡಿಯ ಸಾವ್ಕಾರರ ಮಗ. ಸೀನು ಬಂತು, "ಯಪ್ಪಾ" ಎಂದ, ಹಾವಿಗೆ ಕೊರಳಿಗೆ ಬಿತ್ತು. ಅಂದು ಬೇರೆ ಯಾರೂ ತಪ್ಪದ ಕಾರಣ ಅದನ್ನು ಹಾಕಿಕೊಂಡೇ ಮನೆಗೆ ಹೋಗಬೇಕಾಯಿತು. ನಾಲ್ಕು ಜನ ನೋಡಿ ಅವನಿಗೆ ನಾಚಿಕೆಯಾಗಲಿ ಎಂಬುದೇ ನನ್ನ ಉದ್ದೇಶ.

ನಾಲ್ಕಲ್ಲ, ಇಡೀ ಓಣಿ ನೋಡಿತು. ಮೊಮ್ಮಗನ ಎದೆಯ ಮೇಲೆ ಹಾವಿಗೆ ಕಂಡ ಅಜ್ಜಿ, ಯಾವುದೋ ದೊಡ್ಡ ಗುರುಗಳು ಪಾದುಕೆ ಕೊಟ್ಟು ಹರಸಿದ್ದಾರೆಂದು ತಿಳಿದು ಬಾಗಿಲಲ್ಲೇ ಆರತಿ ಎತ್ತಿದಳು. ಓಣಿಯ ಹೆಂಗಸರು ಬಂದು ಹಾವಿಗೆಗೆ ವಿಭೂತಿ ಹಚ್ಚಿ, ಹೂವು ಏರಿಸಿ, ಅವನ ಕಾಲಿಗೂ ಬಿದ್ದರು. ಆ ದಿನ ಅಂಗಡಿಯಲ್ಲಿ ವ್ಯಾಪಾರವೂ ಚೆನ್ನಾಗಿ ಆಯಿತಂತೆ.

ಮರುದಿನ ಬಡಿಗೇರನ ಮಗನೊಬ್ಬನನ್ನು ಬಿಟ್ಟು ತರಗತಿಗೆ ಕಾಲಿಟ್ಟವರೆಲ್ಲ ಕನ್ನಡದಲ್ಲೇ ಶುರು ಮಾಡಿದರು. ನಾನು ಬೆತ್ತ ಎತ್ತಿದೆ. ಸಾವ್ಕಾರರ ಮಗ ಕೈಮುಗಿದ:

"ಸರ, ಬೈರಿ, ಬಡೀರಿ, ಆದ್ರ ಹಾವಿಗಿ ನನ್ನ ಕಡೀನ ಇರ್ಲಿರಿ. ಹೆಣ್ಣು ನೋಡ್ಲಾಕ ಹೊಂಟೀವ್ರಿ!"

ಸರ್ಕಾರಕ್ಕೆ ಸಂದ ಗೌರವ

ತಾಲೀಮು ಖಾತೆಯ, ಎಂದರೆ ಸರ್ಕಾರದ ಶಿಕ್ಷಣ ಇಲಾಖೆಯ, ಇನ್‌ಸ್ಪೆಕ್ಟರ್ ಸಾಹೇಬರು ಒಂದು ದಿನ ಹೇಳದೆ ಕೇಳದೆ ಬಂದರು. ಹೊಸ್ತಿಲು ದಾಟಿ, "ಆದಾಬ್ ಅರ್ಜ್ ಹೈ, ಮಾಸ್ಟರ್ ಸಾಬ್!" ಎಂದರು.

ಆ ಹೊತ್ತಿಗೆ ಹಾವಿಗೆ ವಕೀಲರ ಮಗನ ಕೊರಳಲ್ಲಿತ್ತು. ಕಾನೂನು ಅವನ ರಕ್ತದಲ್ಲೇ ಇದೆ. ನಾನು ಕಣ್ಸನ್ನೆ ಮಾಡುವುದರೊಳಗೆ ಎದ್ದು ಹೋಗಿ, ಎರಡೂ ಕೈಯಿಂದ ತನ್ನ ಕೊರಳಿನ ಹಾವಿಗೆಯನ್ನು ತೆಗೆದು ಸಾಹೇಬರ ಶೇರ್ವಾನಿಯ ಮೇಲೆ ಇಳಿಬಿಟ್ಟ. ಉಳಿದ ನಾಲ್ವರು ಏನು ಮಾಡಬೇಕೋ ತಿಳಿಯದೆ ಚಪ್ಪಾಳೆ ತಟ್ಟಿದರು.

ಸಾಹೇಬರು ಎದೆಗೆ ಕೈಯಿಟ್ಟು ಬಾಗಿದರು. ಅಧಿಕಾರಿಗಳಿಗೆ ಹಾರ ಹೊಸದಲ್ಲ, ಈ ಬಗೆಯ ಹಾರ ಮಾತ್ರ ಹೊಸದು. ಉರ್ದುವಿನಲ್ಲಿ ದೀರ್ಘವಾಗಿ ವಂದನೆ ಹೇಳಿದರು. ಒಂದೊಂದು ವಾಕ್ಯವೂ ನಿಯಮಭಂಗ. ಆದರೆ ಹಾವಿಗೆ ಆಗಲೇ ಅವರ ಕೊರಳಲ್ಲಿದ್ದುದರಿಂದ ಮೇಲೆ ಹಾಕಲು ಏನೂ ಉಳಿದಿರಲಿಲ್ಲ. ತರಗತಿಯ ಅದಬು, ಮರ್ಯಾದೆ ಬಹಳ ಮೆಚ್ಚಿಗೆಯಾಯಿತೆಂದು ಹೇಳಿ, ಅದನ್ನು ಹಾಕಿಕೊಂಡೇ ಟಾಂಗಾ ಹತ್ತಿದರು.

ನಮ್ಮ ತರಗತಿಯ ಜವಾನನನ್ನು ಹಿಂದೆಯೇ ಅಟ್ಟಿದೆ. ಸಂಜೆ ಅವನು ಹಾವಿಗೆ ಹಿಡಿದುಕೊಂಡು ನಗುತ್ತ ಬಂದ.

"ಕೊಡವಲ್ರು ಆಗಿದ್ರೀ. ನನಗ ಸಂದ ಇಜ್ಜತ್ ಅದು ಅಂದ್ರು. ಮತ್ತ ನಾ ಅಂದ್ನಿ, ಒಂಟಿ ಹಾವಿಗಿ ನಿಮ್ಮಂಥವರಿಗಿ ಶೋಭಾ ಅಲ್ರಿ, ಜೋಡಿ ಹೊಂದಿಸಿ ತರ್ತೀನಿ. ಕೊಟ್ರು."

ನಾನು ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ಹೇಳಿದವನು ಜವಾನ. ಆದರೂ ಸಾಹೇಬರು ಎದುರಾದಾಗಲೆಲ್ಲ "ಜೋಡಿ ಎಲ್ಲಿಗೆ ಬಂತು?" ಎಂದು ಕೇಳುವುದು ನನ್ನನ್ನೇ.

ಹೊಸ್ತಿಲಾಚೆಯ ರೊಟ್ಟಿ

ಒಂದು ಮಧ್ಯಾಹ್ನ ಪಾಠ ಬೆಳೆದು ಊಟದ ಹೊತ್ತು ಮೀರಿತು. ನಮ್ಮವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು, ಹೊಸ್ತಿಲಿಗೆ ಕಾಲ್ಬೆರಳು ತಾಗಿಸಿ ಹೊರಗೇ ನಿಂತಳು.

"ನಾ ಒಳಗ ಬಂದಿಲ್ಲಪ. ನಿನ್ನ ಕಾನೂನು ಒಳಗಿಂದು."

ಅಲ್ಲಿಂದಲೇ ಶುರುವಾಯಿತು: ನಾನು ಸೊರಗಿದ್ದೇನೆ, ಎಮ್ಮೆ ಹಾಲು ಕಡಿಮೆ ಮಾಡಿದೆ, ನನ್ನ ವಯಸ್ಸಿನವರಿಗೆಲ್ಲ ಮೂರು ಮೂರು ಮಕ್ಕಳಾಗಿವೆ. ಒಳಗಿದ್ದ ನಾನು ಫ್ರೆಂಚಿನಲ್ಲಿ ಮಾತ್ರ ಉತ್ತರ ಕೊಡಬಲ್ಲೆ. ಪಾಠ ಮುಗಿದ ಮೇಲೆ ಉಣ್ಣುತ್ತೇನೆ, ಮನೆಗೆ ಹೋಗು ಎಂದೆ.

"ಏನಂದ್ನೋ ಇಂವ?" ಎಂದು ಅವ್ವ ಹುಡುಗರನ್ನು ಕೇಳಿದಳು.

ಒಳಗೆ ಕನ್ನಡ ಕೂಡದು. ಆದ್ದರಿಂದ ಅನುವಾದ ಮಾಡಲು ಐವರೂ ಹೊರಗೆ ಹೋದರು. ತರಗತಿ ಮುಗಿಯುವ ತನಕ ಒಬ್ಬನೂ ಒಳಗೆ ಬರಲಿಲ್ಲ. ರೊಟ್ಟಿಯೂ ಬರಲಿಲ್ಲ.

ಕುರ್ಚಿ

ಅಲ್ಲಿಯ ತನಕ ತಪ್ಪದೆ ಇದ್ದವನು ಬಡಿಗೇರನ ಮಗನೊಬ್ಬನೇ. ಮಾತೇ ಆಡದವನು ತಪ್ಪುವುದೆಲ್ಲಿ? ಒಂದು ದಿನ ನಾನು ಕುರ್ಚಿಯಲ್ಲಿ ಕೂಡಲು ಬಗ್ಗಿದಾಗ ತಟ್ಟನೆ ಕೂಗಿದ:

"ಸರ, ಕೂಡಬ್ಯಾಡ್ರಿ! ಕಾಲು ಸೀಳಿ ಬಿಟ್ಟದ!"

"ಫ್ರೆಂಚಿನಲ್ಲಿ!" ಎಂದು ನಾನು ಫ್ರೆಂಚಿನಲ್ಲಿ ಗುಡುಗಿದೆ. ಗುಡುಗುತ್ತಲೇ ಕೂತೆ. ಕೂತ ಕುರ್ಚಿ ಕೂಡಲಿಲ್ಲ, ಮಲಗಿತು.

ನೆಲದ ಮೇಲಿಂದಲೇ ಕೈ ಎತ್ತಿ ಅವನ ಕೊರಳು ತೋರಿಸಿದೆ. ನಿಯಮ ನಿಯಮವೇ. ಅವನು ತಲೆಬಾಗಿ ಹಾವಿಗೆ ಹಾಕಿಸಿಕೊಂಡ. ಸಂಜೆ ಎಲ್ಲರೂ ಹೋದ ಮೇಲೆ ಕುರ್ಚಿಗೆ ಹೊಸ ಕಾಲು ಕೂಡಿಸಿ ಹೋದ.

ಅಲ್ಲಿಂದ ಹಾವಿಗೆ ಮುಂದಕ್ಕೆ ಸರಿಯಲೇ ಇಲ್ಲ. ಸಾವ್ಕಾರರ ಮಗ ಅವನ ಕಿವಿಯಲ್ಲೇ ಅಂಗಲಾಚಿದ: "ಲೇ, ನನಗ ಹಾಕೋ ಮಾರಾಯಾ, ಹೆಣ್ಣಿನವರು ಒಪ್ಯಾರ, ಮುಂದಿನ ವಾರ ಅರಿಷಿಣ ಅದ!"

"ಅವನು ಯಾವ ಭಾಷೆಯಲ್ಲಿ ಮಾತಾಡಿದ?" ಎಂದು ನಾನು ಫ್ರೆಂಚಿನಲ್ಲಿ ಕೇಳಿದೆ.

"ನನಗೆ ಕೇಳಿಸಲಿಲ್ಲ, ಮೊಸ್ಯೋ," ಎಂದ ಬಡಿಗೇರನ ಮಗ, ‘ಸರ’ ಎಂಬುದನ್ನೂ ಫ್ರೆಂಚಿಗೆ ತಿರುಗಿಸಿ, ಅಚ್ಚುಕಟ್ಟಾದ ಫ್ರೆಂಚಿನಲ್ಲಿ.

ವಕೀಲರ ಮಗ ಅವನೆದುರು ನಿಂತು ಉರ್ದು ಹಾಡಿದ. ಕೇಳಿಸಲಿಲ್ಲ. ಜವಾನ ಒಳಗೆ ಬಂದು ಬೆಕ್ಕನ್ನು ಬೈದ. ಕೇಳಿಸಲಿಲ್ಲ. ಈ ಹುಡುಗನ ಉಚ್ಚಾರ ದಿನದಿಂದ ದಿನಕ್ಕೆ ಸುಧಾರಿಸುತ್ತ ಬಂತು, ಕಿವಿ ಮಾತ್ರ ಕೆಡುತ್ತ ಹೋಯಿತು.

ಕೊನೆಗೆ ಹೇಳಿದೆ: "ಅರ್ಧ ನಿಯಮ ಪಾಲಿಸಿದವನೂ ನಿಯಮ ಮುರಿದವನೇ. ಗುರುಗಳು ಬರುವುದರೊಳಗೆ ಅದು ಇನ್ನೊಬ್ಬನ ಕೊರಳಿಗೆ ಹೋಗದಿದ್ದರೆ ನಿನ್ನನ್ನು ಅವರಿಗೆ ತೋರಿಸುವುದಿಲ್ಲ."

ಉಗಾದಿ, ಉಳಿ, ಅವ್ವನಿಗೆ ಕೊಟ್ಟ ಮಾತು ಎಲ್ಲವೂ ಅವನ ಮುಖದಲ್ಲಿ ಹಾದುಹೋದವು. "ಆಗಲಿ, ಮೊಸ್ಯೋ," ಎಂದ. ಅಷ್ಟೇ.

ಎರಡು ಕೊರಳು

ಹಡಗು ಯಾರಿಗೆ ಸಿಕ್ಕಿತೆಂದು ಮೊದಲೇ ಹೇಳಿಬಿಡುತ್ತೇನೆ. ಓದುವವರನ್ನು ಸುಮ್ಮನೆ ಕಾಯಿಸುವುದು ಅಶಿಸ್ತು. ಬಡಿಗೇರನ ಮಗನಿಗೇ ಸಿಕ್ಕಿತು. ಅಲ್ಲಿ ಫ್ರೆಂಚ್, ಬ್ರೆಟನ್, ವೆಲ್ಷ್ ಓದಿ, ಎಲ್ಲರಿಗಿಂತ ಮೇಲೆ ನಿಂತು ಪದವಿ ಗೆದ್ದ. ಸುದ್ದಿ ಬಂದ ದಿನ ಕಮಲಾಪುರದಲ್ಲಿ ಹಲಗೆ ಬಾರಿಸಿದರು, ತಂದೆ ಊರಿಗೆಲ್ಲ ಕೆಂಪು ಬಾಳೆಹಣ್ಣು ಹಂಚಿದ. "ಬ್ಯಾರಿಸ್ಟರ್ ಆದ್ನೇನು?" ಎಂದು ಕೇಳಿದವರಿಗೆ, "ಬ್ಯಾರಿಸ್ಟರಿಗಿ ಮಾತು ಕಲಿಸೋವ ಆಗ್ಯಾನ," ಎಂದನಂತೆ. ಈಗ, ಅದು ಹೇಗೆ ಸಿಕ್ಕಿತು ಎಂಬುದು.

ಗುರುಗಳು ಬಂದರು. ಕೋಟೆ ಸುತ್ತಿ, ಮಸೀದಿಯ ಕಮಾನುಗಳ ಕೆಳಗೆ ಬಹಳ ಹೊತ್ತು ನಿಂತು, ತರಗತಿಗೆ ಬಂದರು. ಬಡಿಗೇರನ ಮಗನನ್ನು ನಾನು ಎಲ್ಲರ ಹಿಂದೆ ಕೂಡಿಸಿದ್ದೆ, ಕೊರಳಲ್ಲಿ ಹಾವಿಗೆ, ತೊಡೆಯ ಮೇಲೆ ಅರಿವೆ ಚೀಲ. ನಾಲ್ವರೂ ಚೆನ್ನಾಗಿಯೇ ಮಾತಾಡಿದರು. ಗುರುಗಳ ಕಣ್ಣು ಮಾತ್ರ ಹಿಂದಿನ ಸಾಲಿಗೆ ಹೋಗಿತ್ತು.

"ಅವನ ಕೊರಳಲ್ಲಿ ಏನದು?"

ನಾನು ಎದೆಯುಬ್ಬಿಸಿ ವಿವರಿಸಿದೆ. ತಮ್ಮ ಪಾಠದಿಂದಲೇ ಕಲಿತದ್ದು ಎಂದೂ ಹೇಳಿದೆ. ಗುರುಗಳು ನಿಧಾನವಾಗಿ ಹಿಂದೆ ಹೋಗಿ, ಹಾವಿಗೆಯನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದರು.

"ನಮ್ಮ ಶಾಲೆಯದು ಇದಕ್ಕಿಂತ ಭಾರವಿತ್ತು," ಎಂದರು. "ಇಡೀ ಚಳಿಗಾಲ ನನ್ನ ಕೊರಳಲ್ಲೇ ಇತ್ತು. ನಮ್ಮವ್ವನಿಗೆ ಫ್ರೆಂಚ್ ಬರುತ್ತಿರಲಿಲ್ಲ, ನೋಡು."

ಆಮೇಲೆ ಮುದುಕರ ಕಣ್ಣಲ್ಲಿ ತುಂಟತನ ಬಂತು. ನಡುಕೋಣೆಯಲ್ಲಿ ನಿಂತು, ಗಂಟಲೆತ್ತಿ ಬ್ರೆಟನ್ನಿನಲ್ಲಿ ಉದ್ದಕ್ಕೆ ಏನೋ ಹೇಳಿ, ಬಡಿಗೇರನ ಮಗನ ಕಡೆ ತಿರುಗಿ ಫ್ರೆಂಚಿನಲ್ಲಿ ಅಂದರು: "ನಿಯಮ ಮುರಿದೆ. ಹಾಕು." ಬಿಳಿ ತಲೆ ಬಾಗಿಸಿದರು.

ಅವನು ಅಲುಗಲಿಲ್ಲ. ವರ್ಷದ ದುಡಿಮೆ, ನನ್ನ ತರಗತಿಯ ಮಾನ, ಅವನ ಹಡಗು ಎಲ್ಲ ಆ ಒಂದು ಹುರಿಯಲ್ಲಿ ತೂಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಹಾಕೋ!" ಎಂದು ಕೂಗಿದೆ.

ಕೂಗಿದ್ದು ಕನ್ನಡದಲ್ಲಿ. ವಕೀಲರ ಮಗ ಬಾಯಿ ಮುಚ್ಚಿಕೊಂಡ. ಈಗ ಬಡಿಗೇರನ ಮಗನ ಮುಂದೆ ಎರಡು ಕೊರಳಿದ್ದವು.

"ನಾನು ಹೇಳಿದ್ದು ಕೇಳಿಸಲಿಲ್ಲವೇ?" ಎಂದರು ಗುರುಗಳು.

"ಕೇಳಿಸಿತು, ಮೊಸ್ಯೋ," ಎಂದ ಅವನು, ಒಂದು ಅಕ್ಷರವೂ ತಪ್ಪದ ಫ್ರೆಂಚಿನಲ್ಲಿ. "ಅರ್ಥವಾಗಲಿಲ್ಲ. ಅದನ್ನು ಕಲಿಯಲಿಕ್ಕೆಂದೇ ನಿಮ್ಮಲ್ಲಿಗೆ ಬರಬೇಕೆಂದಿದ್ದೇನೆ."

ಎದ್ದು ಮುಂದೆ ಬಂದ. ಕೊರಳಿನ ಹಾವಿಗೆ ತೆಗೆದ. ಚೀಲದಲ್ಲಿ ಕೈಹಾಕಿ, ಅಂದು ನಾನು ಕಮಲಾಪುರದಲ್ಲಿ ಬಿಟ್ಟುಬಂದಿದ್ದ ಇನ್ನೊಂದನ್ನೂ ಹೊರತೆಗೆದ.

"ಎರಡು ಕೊರಳು, ಎರಡು ಹಾವಿಗಿ!" ಎಂದು ಸಾವ್ಕಾರರ ಮಗ ಮೈಮರೆತು ಕೂಗಿದ. "ಲೆಕ್ಕ ಬರೋಬರಿ ಆತು!"

ನಿಯಮ ನಿಯಮವೇ. ನಾನು ಕೋಟಿನ ಕಾಲರು ಸರಿಪಡಿಸಿಕೊಂಡು, ಗುರುಗಳ ಪಕ್ಕದಲ್ಲಿ ನಿಂತು, ಕೊರಳು ಬಾಗಿಸಿದೆ.

ಬಡಿಗೇರನ ಮಗ ನಮ್ಮಿಬ್ಬರ ಕೊರಳನ್ನೂ ಬಿಟ್ಟು ಕೆಳಗೆ ಬಗ್ಗಿದ. ಹುರಿಯ ಗಂಟು ಬಿಚ್ಚಿ ಕಿಟಕಿಯಾಚೆ ಎಸೆದ. ಅಂಗಿಯ ಚುಂಗಿನಿಂದ ಎರಡರ ಧೂಳನ್ನೂ ಒರೆಸಿದ. ಆಮೇಲೆ ಎಡ ಯಾವುದು ಬಲ ಯಾವುದು ಎಂದು ನೋಡಿಕೊಂಡು, ಮುದುಕರ ಪಾದಗಳ ಮುಂದೆ ಜೋಡಿಯಾಗಿ ಇಟ್ಟ.