ಷಡ್ಡಕನ ದೋಟಿ ಮತ್ತು ಸರ್ಕಾರದ ಅಂಕಿಅಂಶ

ಶ್ರೀಮಂತರನ್ನು ಕಂಡು ನನಗೆ ಎಂದೂ ಹೊಟ್ಟೆ ಉರಿದದ್ದಿಲ್ಲ. ಹೊಟ್ಟೆಕಿಚ್ಚಿಗೂ ಒಂದು ಅಳತೆ ಬೇಕು. ನನ್ನದು ಶೆಟ್ಟಿಕೊಪ್ಪದಾಚೆ ಹೋಗುವುದಿಲ್ಲ. ಅಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಸುಬ್ರಹ್ಮಣ್ಯನಿದ್ದಾನೆ. ನಾನು ನರಸಿಂಹರಾಜಪುರದ ಒಂದು ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಅವನು ನೆಲದ ಮೇಲೆ ನಿಂತೇ ಉದ್ದನೆಯ ಫೈಬರ್ ದೋಟಿಯಲ್ಲಿ ಅಡಿಕೆ ಕೊನೆ ಇಳಿಸುವವನು. ಮೊನ್ನೆ ಮೆಣಸೆಯ ಒಂದು ಉಪನಯನದಲ್ಲಿ ಕೈತೊಳೆಯಲು ಹೋದವನನ್ನೂ ಬಿಡದೆ ನಾಲ್ಕು ಮಂದಿ ಮುತ್ತಿಕೊಂಡು, "ನಮಗೊಂದು ದಿನ ಕೊಡು ಮಾರಾಯ" ಎಂದು ಗೋಗರೆಯುತ್ತಿದ್ದರು. ನನ್ನನ್ನು ಒಬ್ಬರು ಕೇಳಿದ್ದು, "ಮಜ್ಜಿಗೆಯವರು ಈ ಕಡೆ ಬಂದ್ರಾ?" ಎಂದಷ್ಟೆ. ಬಸ್ಸಿನಲ್ಲಿ ಬರುವಾಗ ಹೆಂಡತಿ, "ಅಂಥ ಕೆಲಸ ಕಲಿಬೇಕಿತ್ತು ನೋಡಿ" ಎಂದಳು.

"ನಿಮ್ಮ ಕೆಲಸವೇ ವಾಸಿ" ಎಂದು ಅವಳ ಬಾಯಲ್ಲಿ ಒಮ್ಮೆಯಾದರೂ ಹೇಳಿಸಬೇಕೆಂದು ಹಟ ಹುಟ್ಟಿತು. ಯಾವ ಉದ್ಯೋಗಕ್ಕೆ ಎಷ್ಟು ಸಂಬಳವೆಂದು ಸರ್ಕಾರ ಪ್ರಕಟಿಸುವ ವರದಿಯನ್ನು ಫೋನಿನಲ್ಲಿ ಹುಡುಕಿ ತೆಗೆದೆ. ಗುಮಾಸ್ತರ ಸರಾಸರಿ ಸಂಬಳ ನೋಡಿ ನನಗೇ ನನ್ನ ಮೇಲೆ ಗೌರವ ಬಂತು. ಮುಂದೆ ಬೇಡಿಕೆ ಹೇಗಿದ್ದೀತೆಂದು ಮಾತ್ರ ಹಳೆಯ ವರದಿ, ಹೊಸ ವರದಿ ಅಕ್ಕಪಕ್ಕ ಇಟ್ಟು ನಾವೇ ಊಹಿಸಬೇಕು. ಊಹಿಸಿದೆ. ಆ ಊಹೆಯನ್ನು ಮನೆಯಲ್ಲಿ ಹೇಳಲಿಲ್ಲ.

ಸಂಬಳದ ಪುಟವನ್ನಷ್ಟೇ ಹೆಂಡತಿಗೆ ತೋರಿಸಿದೆ. "ಇಷ್ಟು ನಿಮಗೆ ಬರೋದಿಲ್ಲವಲ್ಲ?" ಎಂದಳು.

"ಇದು ಸರಾಸರಿ ಮಾರಾಯ್ತಿ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ."

"ಹಾಗಾದ್ರೆ ನಿಮ್ಮ ಪಾಲಿಂದು ಯಾರು ತಗೊಳ್ತಿದಾರೆ, ಮೊದಲು ಅದನ್ನ ಹುಡುಕಿ."

ದೋಟಿಯವರ ಹೆಸರು ವರದಿಯಲ್ಲಿ ನನಗೆ ಎಲ್ಲೂ ಕಾಣಲಿಲ್ಲ. ಸರ್ಕಾರಕ್ಕೇ ಗೊತ್ತಿಲ್ಲದವನು ಎಂದು ಒಂದು ಗಳಿಗೆ ಹಿಗ್ಗಿದೆ. ಆದರೆ ಗುಮಾಸ್ತನ ಬುದ್ಧಿ, ಖಾಲಿ ಬಿಡಲು ಮನಸ್ಸು ಬರಲಿಲ್ಲ. ಅವನ ದುಡಿಮೆಯನ್ನು ನಾನೇ ಅಂದಾಜು ಮಾಡಲು ಕೂತೆ. ಹೆಂಡತಿ ತಂಗಿಯೊಡನೆ ಫೋನಿನಲ್ಲಿ ಮಾತಾಡುವಾಗ ಅವನು ಯಾವತ್ತು ಯಾರ ತೋಟಕ್ಕೆ ಹೋಗುತ್ತಾನೆಂದು ಕಿವಿಗೆ ಬಿದ್ದದ್ದನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದೆ. ಮಳೆಯ ದಿನ ಕಳೆದೆ, ಮದುವೆ ಮುಂಜಿ ಕಳೆದೆ, ದೋಟಿಯ ರಿಪೇರಿಗೆಂದು ಎರಡು ದಿನ ಕಳೆದೆ. ಆದರೂ ಅವನೇ ಮುಂದೆ. ಕೊನೆಗೆ, ಅವನಿಗೆ ಬಾರದ ಜ್ವರಕ್ಕೆಂದು ಬರುವ ತಿಂಗಳ ಒಂದು ವಾರವನ್ನು ಪೂರ್ತಿ ಖಾಲಿ ಬಿಟ್ಟೆ. ಆಗಲೂ ಅವನೇ ಮುಂದೆ.

ಅಷ್ಟರಲ್ಲಿ ಅವನದೇ ಫೋನು ಬಂತು. "ಭಾವ, ನನ್ನ ಡೇಟೆಲ್ಲ ಕಲಸಿಹೋಗಿದೆ ಮಾರಾಯ್ರೆ. ಕೊಪ್ಪದವ್ರು ಒಂದು ಕಡೆ, ಶೃಂಗೇರಿಯವ್ರು ಒಂದು ಕಡೆ ಬೈತಿದಾರೆ. ನೀವು ಎಲ್ಲ ಬರೆದಿಟ್ಟಿದೀರಂತೆ, ಅತ್ತಿಗೆ ಹೇಳಿದ್ರು. ಮುಂದಿನ ತಿಂಗಳು ಎಲ್ಲಾದ್ರೂ ಜಾಗ ಉಂಟಾ?"

ಜ್ವರ ಎನ್ನಲು ಬಾಯಿ ಬರಲಿಲ್ಲ. "ಎರಡನೇ ವಾರ ಖಾಲಿ" ಎಂದೆ.

"ಬದುಕಿದೆ. ಮೆಣಸೆಯವ್ರನ್ನ ಅಲ್ಲಿಗೆ ಹಾಕಿಬಿಡಿ."

ನನ್ನ ಕೈಯಾರೆ ಹಾಕಿದೆ. ಹೆಂಡತಿ ಬಂದು ಇಣುಕಿ, "ಬರೆಯೋದ್ರಲ್ಲಿ ಮಾತ್ರ ನಿಮ್ಮನ್ನ ಮೀರಿಸೋರಿಲ್ಲ" ಎಂದಳು. ಈಗ ದಿನಕ್ಕೆ ಹತ್ತು ಫೋನು ಬರುತ್ತವೆ. "ಸುಬ್ರಹ್ಮಣ್ಯನವರ ಗುಮಾಸ್ತರಾ?" ಎಂದು ಕೇಳುತ್ತಾರೆ. ಹೌದು ಎಂದು ಹೇಳಿ ಪೆನ್ನು ಹುಡುಕುತ್ತೇನೆ.